ಹದಿನಾಲ್ಕು ಪೌಂಡಿನ ಹಟ

ನಾನೊಂದು ಪ್ರೆಶರ್ ಕುಕ್ಕರ್. ಏಳು ಲೀಟರಿನದು. ಈಗ ಇರುವುದು ವಿಶ್ವವಿದ್ಯಾಲಯದ ಬಯೋಟೆಕ್ನಾಲಜಿ ವಿಭಾಗದಲ್ಲಿ ಎಂದರೆ ನೀವು ನಗುತ್ತೀರಿ. ನಗಿರಿ. ಮೊದಲು ನಕ್ಕವರು ಆಮೇಲೆ ಏನು ಮಾಡಿದರು ಎಂದು ಹೇಳುವುದಕ್ಕೇ ಕೂತಿದ್ದೇನೆ.

ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡನ್ನು ದುಂಡಗೆ ಕತ್ತರಿಸಿ, ಯಂತ್ರದ ಕೆಳಗಿಟ್ಟು ಒತ್ತಿ ನನ್ನನ್ನು ಮಾಡಿದರು. ಅಷ್ಟು ಒತ್ತಿಸಿಕೊಂಡು ಹುಟ್ಟಿದವರಿಗೆ ಮುಂದೆ ಯಾರ ಮಾತೂ ಅಷ್ಟಾಗಿ ನಾಟುವುದಿಲ್ಲ. ಮುಚ್ಚಳದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕೊರೆದರು: ಒತ್ತಡ, ಚದರ ಸೆಂಟಿಮೀಟರಿಗೆ ಒಂದು ಕಿಲೋ. ಕುಕ್ಕರ್ ಕೊಳ್ಳುವವರು ಬಣ್ಣ ನೋಡುತ್ತಾರೆ, ಹಿಡಿ ನೋಡುತ್ತಾರೆ. ಆ ಸಾಲನ್ನು ಮಾತ್ರ ಯಾರೂ ಓದುವುದಿಲ್ಲ.

ಹುಬ್ಬಳ್ಳಿಯ ಪಾತ್ರೆ ಅಂಗಡಿಯಿಂದ ನನ್ನನ್ನು ಕೊಂಡವನು ಕಸ್ತೂರೆವ್ವನ ಅಣ್ಣ. ತಂಗಿಯ ಮದುವೆಗೆ ಉಡುಗೊರೆ. ಕಸ್ತೂರೆವ್ವ ಪಿಯುಸಿ ಸೈನ್ಸ್ ಪಾಸಾಗಿದ್ದಳು. ರಿಸಲ್ಟ್ ಬಂದ ತಿಂಗಳಲ್ಲೇ ಅಕ್ಷತೆ ಬಿದ್ದು, ಪುಸ್ತಕಗಳೆಲ್ಲ ತವರಿನ ಅಟ್ಟ ಸೇರಿದವು. ಅತ್ತೆಗೆ ನನ್ನ ಸೀಟಿ ಎಂದರೆ ಭಯ. ನಾನು ಕೂಗಿದಾಗಲೆಲ್ಲ ಪಡಸಾಲೆಗೆ ಓಡುತ್ತಿದ್ದಳು. ಕೆಲವು ಸಲ ನಾನು ಬೇಕೆಂದೇ ಜೋರಾಗಿ ಕೂಗಿದ್ದುಂಟು.

ಗಂಡ ಫಕ್ಕೀರಪ್ಪನ ಟೆಂಪೊ ದುಡಿಮೆ ಮನೆಗೆ ಸಾಲದಾದಾಗ ಕಸ್ತೂರೆವ್ವ ಈ ವಿಭಾಗದಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದಳು. ಇಲ್ಲಿ ಬಾಳೆಗಡ್ಡೆಯ ತುದಿಯನ್ನು ಚೂರು ಮಾಡಿ, ಗಾಜಿನ ಬಾಟಲಿಯೊಳಗೆ ಸಕ್ಕರೆ, ಲವಣ ಬೆರೆಸಿದ ಗಟ್ಟಿ ಗಂಜಿಯ ಮೇಲೆ ಸಸಿ ಬೆಳೆಸುತ್ತಾರೆ. ಬೂಸ್ಟು ಬಂದರೆ ಬಾಟಲಿ ಕೆಟ್ಟಿತು. ಕೆಟ್ಟದ್ದೆಲ್ಲ ಕಸ್ತೂರೆವ್ವನ ತೊಟ್ಟಿಗೆ. ಹನ್ನೊಂದು ವರ್ಷ ಅವಳು ಇವರ ತಪ್ಪುಗಳನ್ನು ತಿಕ್ಕಿ ತಿಕ್ಕಿ ತೊಳೆದಳು. ಸಸಿ ಇಡುವ ಕೋಣೆಯ ಬಾಗಿಲ ಹತ್ತಿರ ಹೋದರೆ ಸಾಕು, ಮುಖ್ಯಸ್ಥರಾದ ಹಂಚಿನಾಳ ಸರ್ ಕೂಗುತ್ತಿದ್ದರು, "ಕಸ್ತೂರೆವ್ವ, ತೊಳಿ ಅಷ್ಟ. ಮುಟ್ಟಬ್ಯಾಡ."

ಈ 'ಮುಟ್ಟಬ್ಯಾಡ' ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಒಂದು ಜೂನ್ ತಿಂಗಳಲ್ಲಿ ವಿಭಾಗದ ಗೋಡೆಗೆ ನೋಟೀಸು ಅಂಟಿಸಿದರು. ಬಯೋಟೆಕ್ನಾಲಜಿಯಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸು, ಪಿಯುಸಿ ಸೈನ್ಸ್ ಆಗಿದ್ದರೆ ಸಾಕು, ವಯಸ್ಸಿನ ಮಿತಿ ಇಲ್ಲ. ಸರ್ಟಿಫಿಕೇಟ್ ಇದ್ದವರು ಸಸಿ ಇಡುವ ಕೋಣೆಯಲ್ಲಿ ಸಹಾಯಕರಾಗಿ ಕೆಲಸ ಮಾಡಬಹುದು. ನಲವತ್ತೊಂದರ ಕಸ್ತೂರೆವ್ವ ಒದ್ದೆ ಕೈ ಸೀರೆಗೆ ಒರೆಸಿಕೊಂಡು ಅರ್ಜಿ ತುಂಬಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ವಿಭಾಗದವರಿಗೆಲ್ಲ ಅದೊಂದು ತಮಾಷೆಯಾಯಿತು.

ಪಾಸಾಗಬೇಕೆಂದರೆ ಪರೀಕ್ಷೆಯ ದಿನ ತಾನೇ ಬೆಳೆಸಿದ ಬಾಳೆಸಸಿಯ ಬಾಟಲಿಗಳನ್ನು ತೋರಿಸಬೇಕು. ಸಸಿ ಇಡುವ ಮೊದಲು ಬಾಟಲಿ, ಗಂಜಿ ಎಲ್ಲವನ್ನೂ ಬಿಸಿ ಉಗಿಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲಬೇಕು. ಅದಕ್ಕೆ ಆಟೋಕ್ಲೇವ್ ಎಂಬ ದೊಡ್ಡ ಉಗಿಪಾತ್ರೆ ಇದೆ. ಆದರೆ ಮೊದಲು ಪಿಎಚ್.ಡಿ.ಯವರ ಪಾಳಿ, ಆಮೇಲೆ ಎಂ.ಎಸ್ಸಿ.ಯವರದು. ಕಸ್ತೂರೆವ್ವನ ಪಾಳಿ ಬರುವುದರೊಳಗೆ ಸಂಜೆಯಾಗಿ ಬೀಗ ಬೀಳುತ್ತಿತ್ತು. ಮೂರು ವಾರ ಹೀಗೇ ಹೋಯಿತು. ನಾಲ್ಕನೆಯ ವಾರ ಅವಳು ನನ್ನನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದಳು.

ತೊಳೆಯುವ ಕೋಣೆಯಲ್ಲಿ ನೀರು ಕಾಯಿಸುವ ಗ್ಯಾಸ್ ಒಲೆ ಇತ್ತು. ಅದರ ಮೇಲೆ ನನ್ನನ್ನು ಕೂರಿಸಿದಳು. ಮೊದಲ ಸಲ ಇಬ್ಬರೂ ತಪ್ಪಿದೆವು. ಹಳೇ ರೂಢಿ ನೋಡಿ, ಅವಳು ಬೇಳೆಗೆ ಎಣಿಸುವ ಹಾಗೆ ಮೂರು ಸೀಟಿ ಎಣಿಸಿ ಒಲೆ ಆರಿಸಿದಳು. ಐದೇ ದಿನಕ್ಕೆ ಆರು ಬಾಟಲಿಯಲ್ಲೂ ಬೂಸ್ಟು.

"ಇದು ಅಡಗಿಮನಿ ಅಲ್ಲ," ಎಂದರು ಹಂಚಿನಾಳ ಸರ್. "ಮನಿಗೆ ಒಯ್ದು ಅನ್ನಾ ಮಾಡು."

ನನಗೆ ಸಿಟ್ಟು ಬಂತು. ತಪ್ಪಾದದ್ದು ಎಣಿಕೆಯಲ್ಲಿ, ನನ್ನಲ್ಲಲ್ಲ. ಆ ದಿನ ಕಸ್ತೂರೆವ್ವ ನನ್ನ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು ಓದಿದರು. ಚದರ ಸೆಂಟಿಮೀಟರಿಗೆ ಒಂದು ಕಿಲೋ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಚದರ ಇಂಚಿಗೆ ಹದಿನಾಲ್ಕು ಪೌಂಡು ಚಿಲ್ಲರೆ. ದೊಡ್ಡ ಉಗಿಪಾತ್ರೆಯದು ಹದಿನೈದು. ಅವಳು ತನ್ನಷ್ಟಕ್ಕೇ ನಕ್ಕಳು. ನನಗಂತೂ ಎದೆ ಉಬ್ಬಿತು.

ಮನೆಯಲ್ಲಿ ಬೇಳೆ ಬೋಗುಣಿಯಲ್ಲಿ ಬೇಯತೊಡಗಿತು. ಫಕ್ಕೀರಪ್ಪ ಗೊಣಗಿದ, ಆದರೂ ಉಂಡ. ಇಲ್ಲಿ ನಾನು ಹೊಸ ಶಿಸ್ತು ಕಲಿತೆ. ಬಾಟಲಿಗಳ ಮುಚ್ಚಳ ಸಡಿಲ ಬಿಡಬೇಕು. ಒಳಗಿನ ಗಾಳಿಯೆಲ್ಲ ಹೋಗಿ ಬರೀ ಉಗಿ ಬಂದ ಮೇಲೆ ತೂಕದ ಗುಂಡು ಇಡಬೇಕು. ಗುಂಡು ಅಲ್ಲಾಡಿತೋ, ಉರಿ ಸಣ್ಣ ಮಾಡಿ ಗಡಿಯಾರ ನೋಡಬೇಕು. ಸೀಟಿ ಹೊಡೆಯುವಂತಿಲ್ಲ. ಬಾಯಿ ಮುಚ್ಚಿಕೊಂಡು ಕುದಿಯುವುದು ಎಷ್ಟು ಕಷ್ಟ ಎಂದು ಕುಕ್ಕರಿಗೂ ಗೊತ್ತು, ಕಸ್ತೂರೆವ್ವನಿಗೂ ಗೊತ್ತು. ಒಮ್ಮೆಗೆ ಆರರಂತೆ ಇಪ್ಪತ್ತನಾಲ್ಕು ಬಾಟಲಿ ಬೇಯಿಸಿದೆವು. ಶನಿವಾರದ ಪ್ರಾಕ್ಟಿಕಲ್ ತರಗತಿಯಲ್ಲಿ ಅವಳು ಅವುಗಳಲ್ಲಿ ಬಾಳೆತುದಿ ಇಟ್ಟಳು.

ಪರೀಕ್ಷೆಗೆ ಮೊದಲು ರೆಕಾರ್ಡ್ ಪುಸ್ತಕಕ್ಕೆ ಹಂಚಿನಾಳ ಸರ್ ಸಹಿ ಬೇಕಿತ್ತು. ಅವರು ಒಂದು ಪದದ ಮೇಲೆ ಬೆರಳಿಟ್ಟರು. "'ಕುಕ್ಕರ್' ಅಂತ ಬರದೀಯಲ್ಲ, ಹೊಡದು ಹಾಕು. 'ಆಟೋಕ್ಲೇವ್' ಅಂತ ಬರಿ. ಹೊರಗಿನವ್ರು ನೋಡಿದ್ರ ಫೇಲ್ ಮಾಡ್ತಾರ."

"ಮಾಡಲ್ರಿ ಸರ್. ಆಟೋಕ್ಲೇವ್ ನನಗ ಯಾವತ್ತು ಸಿಕ್ಕಿತ್ರಿ? ಸಿಗಲಾರದ್ದನ್ನ ಹೆಂಗ ಬರೀಲಿ?"

ಹಂಚಿನಾಳ ಸರ್ ಪೆನ್ನು ತೆಗೆದು ಆ ಪದದ ಕೆಳಗೆ ಗೆರೆ ಎಳೆದರು. ಪುಟದ ಕೊನೆಗೆ 'ಪರೀಕ್ಷಕರ ತೀರ್ಮಾನಕ್ಕೆ ಬಿಟ್ಟದ್ದು' ಎಂದು ಬರೆದು ಸಹಿ ಹಾಕಿದರು.

ಪರೀಕ್ಷೆಗೆ ಬಂದವರು ಬೇರೆ ಊರಿನ ಅಂಕಲಗಿ ಮೇಡಂ. ನನ್ನನ್ನು ಮೇಜಿನ ಮೇಲೆ ತರಿಸಿದರು. ಎಲ್ಲರ ಎದುರಿಗೆ ಹಿಡಿ ಮುರಿದ, ತಳ ಕಪ್ಪಾದ ನಾನು. ನಾನು ತಲೆ ತಗ್ಗಿಸಲಿಲ್ಲ.

"ಎಷ್ಟು ಸೀಟಿ ಹೊಡಿಸಿದ್ರಿ?" ಎಂದು ಕೇಳಿದರು ಮೇಡಂ. ಹಿಂದೆ ನಿಂತ ಹುಡುಗರು ನಕ್ಕರು.

"ಸೀಟಿ ಬ್ಯಾಳಿಗ್ರಿ ಮೇಡಂ. ಇದಕ್ಕ ಗಡಿಯಾರ."

"ಇದು ಹದಿನೈದು ಪೌಂಡ್ ಮುಟ್ಟೂದಿಲ್ಲಲ್ಲ?"

"ಇಲ್ರಿ. ಹದಿನಾಲ್ಕರ ಮ್ಯಾಲ ಚೂರು. ಅದಕ್ಕ ಇಪ್ಪತ್ತು ನಿಮಿಷದ ಬದಲಿ ಇಪ್ಪತ್ತೈದು ಇಟ್ಟೀನ್ರಿ."

ನಗು ನಿಂತಿತು. ಮೇಡಂ ತೊಳೆಯುವ ತೊಟ್ಟಿಯಿಂದ ಎರಡು ಕೆಟ್ಟ ಬಾಟಲಿ ತರಿಸಿ, ಯಾಕೆ ಕೆಟ್ಟಿವೆ ಹೇಳಿ ಎಂದರು. ಕಸ್ತೂರೆವ್ವ ಒಂದನ್ನು ಎತ್ತಿದಳು. "ಬುಡದ ಸುತ್ತ ಅಷ್ಟ ಹಾಲಿನಂಗ ಕಟ್ಟೇತ್ರಿ. ಗಡ್ಡಿ ಸ್ವಚ್ಛ ಮಾಡಿಲ್ಲ." ಇನ್ನೊಂದನ್ನು ಎತ್ತಿ ಹಂಚಿನಾಳ ಸರ್ ಕಡೆ ಒಮ್ಮೆ ನೋಡಿದಳು. "ಇದು ಗಂಜಿ ತುಂಬ ಕೆಟ್ಟೇತಿ, ತಳದ ತನಕ. ಗಿಡಾ ಇಡೂಕಿಂತ ಮೊದ್ಲ ಕೆಟ್ಟಿದ್ದು. ಆಟೋಕ್ಲೇವ್‌ನ್ಯಾಗ ಬಾಟ್ಲಿ ತುರುಕಿ ಇಟ್ಟಾರ್ರಿ, ನಡುವ ಉಗಿ ಹೋಗಿಲ್ಲ."

"ಇದೆಲ್ಲ ಎಲ್ಲಿ ಕಲಿತ್ರಿ?"

"ತೊಳೀತ ಕಲಿತೀನ್ರಿ. ಹನ್ನೊಂದು ವರ್ಷ."

ಅವಳ ಇಪ್ಪತ್ತನಾಲ್ಕು ಬಾಟಲಿಯಲ್ಲಿ ಎರಡು ಕೆಟ್ಟಿದ್ದವು. ಅದನ್ನೂ ಅವಳು ಪುಸ್ತಕದಲ್ಲಿ ಬರೆದಿದ್ದಳು. ಉಳಿದ ಇಪ್ಪತ್ತೆರಡರಲ್ಲಿ ಹಸಿರು ಸಸಿ ನಿಂತಿತ್ತು. ಮೇಡಂ 'ಕುಕ್ಕರ್' ಎಂಬ ಪದದ ಪಕ್ಕದಲ್ಲಿ ಸರಿ ಗುರುತು ಹಾಕಿದರು.

ಸರ್ಟಿಫಿಕೇಟ್ ಬಂದ ದಿನ ಕಸ್ತೂರೆವ್ವ ಅದನ್ನು ಮೊದಲು ತಂದು ತೋರಿಸಿದ್ದು ನನಗೆ. ನನ್ನ ಹೆಸರು ಅದರಲ್ಲಿರಲಿಲ್ಲ. ಇರಬೇಕಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಮರುವಾರ ಅವಳು ಬಿಳಿ ಕೋಟು ಹಾಕಿ ಸಸಿ ಇಡುವ ಕೋಣೆಯೊಳಗೆ ಹೋದಳು. ಬಾಗಿಲಲ್ಲಿ ಹಂಚಿನಾಳ ಸರ್ ಎದುರಾಗಿ, ಪಕ್ಕಕ್ಕೆ ಸರಿದರು.

ಇದಾಗಿ ಎಂಟು ವರ್ಷ. ನನ್ನ ತಳ ಉಬ್ಬಿದೆ, ರಬ್ಬರ್ ನಾಲ್ಕು ಸಲ ಬದಲಾಗಿದೆ. ಹೋದ ತಿಂಗಳು ವಿಭಾಗದ ಹಳೇ ಸಾಮಾನು ಗುಜರಿಗೆ ಹೊರಟಾಗ ನನ್ನ ಮೈಮೇಲೂ ಸುಣ್ಣದಲ್ಲಿ ನಂಬರು ಬರೆದಿದ್ದರು. ಕಸ್ತೂರೆವ್ವ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದಳು. "ಇದು ಆಫೀಸಿಂದಲ್ಲ, ನಂದು," ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಈಗ ಬಾಟಲಿ ತೊಳೆಯುವವಳು ಹುಸೇನಬಿ. ಮೂರು ಮಕ್ಕಳ ತಾಯಿ. ಅವಳೂ ಒಂದು ಕಾಲಕ್ಕೆ ಪಿಯುಸಿ ಸೈನ್ಸ್ ಮುಗಿಸಿದವಳಂತೆ. ನಿನ್ನೆ ಆ ಕೋಣೆಯ ಹೊಸ್ತಿಲ ಹೊರಗೆ ನಿಂತು ಬಾಟಲಿಗಳ ಹಸಿರನ್ನೇ ನೋಡುತ್ತಿದ್ದಳು.

"ಅಕ್ಕಾರ, ನಾ ಮುಟ್ಟಬಾರದಲ್ರಿ?"

ಕಸ್ತೂರೆವ್ವ ಅವಳನ್ನು ತೊಳೆಯುವ ಕೋಣೆಗೆ ಕರೆತಂದು, ನನ್ನನ್ನು ಕಪಾಟಿನಿಂದ ಇಳಿಸಿ ಅವಳ ಕೈಗೆ ಕೊಟ್ಟಳು. "ಮೊದ್ಲ ಇದರ ಮುಚ್ಚಳ ಓದು," ಎಂದಳು.

ಹುಸೇನಬಿ ಓದಿದಳು. ಆರು ಬಾಟಲಿ ಇಟ್ಟಳು, ಒಲೆ ಹಚ್ಚಿದಳು, ಉಗಿ ಬಂದ ಮೇಲೆ ಗುಂಡು ಇಟ್ಟಳು. ಗುಂಡನ್ನೇ ನೋಡುತ್ತ ನಿಂತದ್ದರಿಂದ ಉರಿ ಸಣ್ಣ ಮಾಡುವುದು ಅರೆಗಳಿಗೆ ತಡವಾಯಿತು. ನನಗೆ ಅಷ್ಟು ಸಾಕಿತ್ತು. ಮುಖ್ಯಸ್ಥರ ಕೋಣೆಯ ತನಕ ಕೇಳುವ ಹಾಗೆ ಒಂದು ಸೀಟಿ ಹೊಡೆದೆ. ಅದು ಬೇಳೆಗಲ್ಲ.