ಕಾಲು ತಾಗಿದರೆ

ಕಾವ್ಯಶ್ರೀ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯಲ್ಲಿ ಫೇಲಾಗಿದ್ದು ಶಕ್ತಿ ಸಾಲದೆ ಅಲ್ಲ, ಮರ್ಯಾದೆ ಹೆಚ್ಚಾಗಿ. ಚಿತ್ರದುರ್ಗದ ಹಾಲ್‌ನಲ್ಲಿ ಎದುರಾಳಿಯ ಪಕ್ಕೆಗೆ ಚೆಂದಾಗಿಯೇ ಒದ್ದಳು, ಪರೀಕ್ಷಕರೂ ತಲೆದೂಗಿದರು. ಮರುಕ್ಷಣ ಇವಳ ಬಲಗೈ ತಾನಾಗಿ ಮುಂದೆ ಹೋಗಿ, ಆ ಹುಡುಗಿಯನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡಿತು. ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡಬೇಕಲ್ಲ! ಅಷ್ಟರಲ್ಲಿ ಎದುರಿನವಳ ಗುದ್ದು ಮೂಗಿಗೆ ಬಿತ್ತು. ಒಂದಲ್ಲ, ಮೂರು ಸಲ ಹೀಗೇ ಆಯಿತು.

"ಕೈ ಇಳಿಸಿದ್ರೆ ಬೆಲ್ಟ್ ಕೊಡಲ್ಲ ಕಣಮ್ಮ," ಎಂದರು ಕರಾಟೆ ಕಲಿಸುವ ಮಾರುತೇಶ್ ಸರ್, ವಾಪಸ್ ಬರುವ ಬಸ್ಸಿನಲ್ಲಿ. "ಇನ್ನೊಂದು ಪರೀಕ್ಷೆ ಆರು ತಿಂಗಳಿಗೆ ಐತೆ. ಹಾಸ್ಟೆಲ್‌ನೋರು ಅಲ್ಲಿಗಂಟ ಕಾಯ್ತಾರಂತೆ, ಅಷ್ಟೇ."

ಹಿರಿಯೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಕರಾಟೆ ಕಲಿಸುವ ಕೆಲಸ ಅವಳಿಗೆಂದು ಇಟ್ಟಿದ್ದರು. ಬ್ಲ್ಯಾಕ್ ಬೆಲ್ಟ್ ಮಾತ್ರ ಬೇಕೇ ಬೇಕು. ಏಳು ವರ್ಷ ತನ್ನೂರು ಜವನಗೊಂಡನಹಳ್ಳಿಯಿಂದ ಸರ್ ಕ್ಲಾಸಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಓಡಾಡಿದ್ದೆಲ್ಲ ಅದಕ್ಕೇ.

ಮನೆಯಲ್ಲಿ ಅಜ್ಜಿ ಬೊಮ್ಮಕ್ಕ ಕುರಿದೊಡ್ಡಿಯ ಮುಂದೆ ಉಣ್ಣೆ ಹಿಂಜುತ್ತಾ ಕೂತಿದ್ದಳು. "ಏನಾತೇ?" ಎಂದು ಕೇಳಿದ್ದೇ ತಪ್ಪಾಯಿತು.

"ಎಲ್ಲಾ ನಿನ್ನಿಂದ!" ಕಾವ್ಯಶ್ರೀಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಉಕ್ಕಿದವು. "ಚಿಕ್ಕೋಳಿದ್ದಾಗಿಂದ ಮುಟ್ಟು, ಮುಟ್ಟು ಅಂತ ತಲೆಗೆ ಮೊಟಕಿ ಮೊಟಕಿ ಕಲಿಸ್ದೆ. ಈಗ ಕೈ ನನ್ನ ಮಾತೇ ಕೇಳಲ್ಲ!"

ಅಜ್ಜಿ ಕಥೆಯೆಲ್ಲ ಕೇಳಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕಲಿಸಿದೋಳೇ ಬಿಡಿಸ್ತೀನಿ, ಬಾ. ನನ್ನ ಒದಿ."

"ಅಯ್ಯೋ, ನಿನ್ನಾ? ಆ ಕಂಬಳಿನಾದ್ರೂ ಮಡಚಿ ಅಡ್ಡ ಹಿಡ್ಕ."

"ಕಂಬಳಿ ಒದೀತೀಯೇನೇ? ಅದು ದೇವ್ರಿದ್ದಂಗೆ, ನಮ್ಮ ಕುಲದೇವ್ರು ಬೀರಪ್ಪ ಸುಮ್ಕಿರ್ತಾನಾ? ದಿಂಬು ತಗಂಬಾ!"

ಅಂದಿನಿಂದ ದಿನಾ ಬೆಳಿಗ್ಗೆ ಕುರಿ ಹೊರಗೆ ಬಿಡುವ ಮುಂಚೆ ಅಜ್ಜಿ ಗೋಡೆಗೆ ಬೆನ್ನು ಕೊಟ್ಟು, ಹತ್ತಿ ದಿಂಬನ್ನು ಎದೆಗೆ ಅವಚಿ ನಿಲ್ಲುತ್ತಿದ್ದಳು. ಮೊದಲ ದಿನ ಕಾವ್ಯಶ್ರೀಯ ಕಾಲೇ ಏಳಲಿಲ್ಲ. ಎದ್ದ ದಿನ ಕೈ ಮುಂದೆ ಹೋಯಿತು. ಅಜ್ಜಿ ಅದಕ್ಕೆ ಪಟ್ಟನೆ ಹೊಡೆದಳು. "ಈಗ್ಲೇ ಮುಟ್ಟಬ್ಯಾಡ. ಆಟ ಮುಗೀಲಿ, ಆಮ್ಯಾಲೆ!" ದಾರಿಹೋಕರು ಬಾಯಿ ಬಿಟ್ಟು ನಿಂತರೆ, "ನಾನೇ ಒದಿಸ್ಕಂತಿದೀನಿ, ನಿಮ್ಮ ಗಂಟೇನು ಹೋತು?" ಎಂದು ಗದರಿ ಕಳಿಸುತ್ತಿದ್ದಳು.

ಆರು ತಿಂಗಳ ಮೇಲೆ ಅಜ್ಜಿಯೂ ದುರ್ಗಕ್ಕೆ ಬಂದು ಹಾಲ್‌ನ ಮೂಲೆಯಲ್ಲಿ ಕುಳಿತಳು. ಈ ಸಲ ಎದುರಾಳಿ ಹೊಸದುರ್ಗದ ಯಮುನಾ, ಪಾದರಸದಂಥ ಹುಡುಗಿ. ಬಂದವಳೇ ಒದೆಯ ಮೇಲೆ ಒದೆ ಕೊಟ್ಟಳು. ಕಾವ್ಯಶ್ರೀ ತಿರುಗಿ ಒದ್ದಳು. ಬಲಗೈ ಮುಟ್ಟಲು ಹೊರಟಿತು, ಆದರೆ ಗಲ್ಲದ ಮುಂದೆಯೇ ನಿಂತಿತು. ಯಮುನಾಳ ಗುದ್ದು ಆ ಕೈಗೇ ಬಡಿದು ಪಕ್ಕಕ್ಕೆ ಜಾರಿತು. ಕೊನೆಯವರೆಗೂ ಕೈ ಇಳಿಯಲಿಲ್ಲ.

ಸಂಜೆ ಇಬ್ಬರಿಗೂ ಕಪ್ಪು ಬೆಲ್ಟ್ ಕಟ್ಟಿದರು. ಕಾವ್ಯಶ್ರೀ ಓಡಿಬಂದು ಅಜ್ಜಿಯ ಕಾಲಿಗೆ ಬಗ್ಗಿದಳು. ಅಜ್ಜಿ ಕಾಲು ಹಿಂದಕ್ಕೆಳೆದುಕೊಂಡಳು.

"ನಂದಿರ್ಲಿ. ಮೊದ್ಲು ಆ ಹುಡುಗೀನ ಮುಟ್ಟಿ ಬಾ, ಹೋಗು. ನಾಕು ಸಲ ಒದ್ದೀಯ, ಎಣಿಸೀನಿ."

ಕಾವ್ಯಶ್ರೀ ತಿರುಗಿದಳು. ಯಮುನಾ ಆಗಲೇ ಕೈ ಚಾಚಿಕೊಂಡು ಇವಳ ಕಡೆಗೇ ಬರುತ್ತಿದ್ದಳು.

"ಅಕ್ಕಾ, ನಿಂತ್ಕ," ಎಂದಳು, "ನಾನು ಆರು ಸಲ ಒದ್ದೀನಿ."