ಹಳೇ ಫ್ರಾಕಿನ ಅಳತಿ

"ನೂರಾ ಇಪ್ಪತ್ತೆಂಟು ಇದ್ದದ್ದು ತೊಂಬತ್ತನಾಕಕ್ಕ ಬಂತಂದ್ರ, ಬುದ್ಧಿ ಎಲ್ಲಿ ಚೆಲ್ಲಿ ಬಂದಿ?" ಎನ್ನುತ್ತ ಬೀರಲಿಂಗ ಮಗಳ ತಲೆಗೆ ಜೋರಾಗಿ ಮೊಟಕಿದ.

ಸತ್ತೂರಿನ ಆಸ್ಪತ್ರೆಯಲ್ಲಿ ಮಕ್ಕಳ ಬುದ್ಧಿಮಟ್ಟ ಪರೀಕ್ಷಿಸುವ ಕೋಣೆ ಅದು. ಹನ್ನೊಂದು ವರ್ಷದ ಸೃಷ್ಟಿ ಅಳಲಿಲ್ಲ. ಜಾರಿದ ಹೇರ್‌ಬ್ಯಾಂಡ್ ಸರಿ ಮಾಡಿಕೊಂಡಳು.

"ಇನ್ನೊಮ್ಮೆ ಕೈ ಎತ್ತಿದ್ರ ನಾ ಸುಮ್ನಿರಂಗಿಲ್ರಿ," ಎಂದರು ಪರೀಕ್ಷೆ ಮಾಡಿದ ಪ್ರಭಾವತಿ ಮೇಡಂ.

ಬೀರಲಿಂಗ ಚೀಲದಿಂದ ಹಳೆಯ ವರದಿ ತೆಗೆದು ಮೇಜಿನ ಮೇಲೆ ಹಾಕಿದ. ಮಗಳು ಐದು ವರ್ಷದವಳಿದ್ದಾಗಿನದು, ನೂರಾ ಇಪ್ಪತ್ತೆಂಟು ಅಂಕದ್ದು. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಕೆಲಗೇರಿಯ ತನ್ನ ಹೊಲಿಗೆ ಅಂಗಡಿಯಲ್ಲಿ ನೇತುಹಾಕಿದ್ದ. ಬುದ್ಧಿ ಮೊಂಡಾಗಬಾರದೆಂದು ಆರು ವರ್ಷ, ದಿನಾ ಸಂಜೆ, ಆ ಪರೀಕ್ಷೆಯಲ್ಲಿ ಕೊಟ್ಟಿದ್ದಂಥವೇ ಬಣ್ಣದ ಕಟ್ಟಿಗೆ ತುಂಡುಗಳ ಜೋಡಣೆಯನ್ನು ಅವಳಿಂದ ಮಾಡಿಸಿದ್ದ. ಈಗ ಗೋಡೆಗೆ ಹೊಸ ವರದಿ ಬೇಕಾಗಿತ್ತು. ಪರೀಕ್ಷೆ ಮಾಡಿ ಎಂದು ಬೇರೆ ಯಾರೂ ಕೇಳಿರಲಿಲ್ಲ.

"ಆವಾಗ ಚಿತ್ರ ತೋರ್ಸಿದ್ವಿ, ತುಂಡು ಜೋಡಿಸಂದ್ವಿ. ಈಗ ಮಾತಿನ ಅರ್ಥ ಕೇಳೇವಿ, ಬಾಯಿಲೆಕ್ಕ ಮಾಡಿಸೇವಿ. ಎರಡಕ್ಕೂ ಹೆಸರು ಒಂದರಿ, ಅಳತಿ ಮಾಡಿದ್ದು ಪೂರ್ತಿ ಒಂದ ಅಲ್ಲ," ಎಂದರು ಮೇಡಂ.

"ಅಳತಿ ನನಗ ಕಲಸಬ್ಯಾಡ್ರಿ ಮೇಡಮ್ಮಾರ! ಇಪ್ಪತ್ತೈದು ವರ್ಷ ಟೇಪ್ ಹಿಡದೇನಿ!"

ಸೃಷ್ಟಿ ಮೆಲ್ಲಗೆ ಬಾಯಿ ಬಿಟ್ಟಳು. "ಅಪ್ಪಾ, ಮೊನ್ನಿ ಹಾಜರಾಬಿ ಚಾಚಿಗೆ ಬೈದ್ಯಲ್ಲ."

"ಅದ್ಯಾಕ ಈಗ?"

"ಮಗಳು ಸಿತಾರಾನ ಹಳೇ ಫ್ರಾಕ್ ತಂದು, ಇದಕ್ಕ ನಾಕ ಇಂಚು ಕೂಡ್ಸಿ ಚೂಡಿದಾರ ಹೊಲಿ ಅಂದ್ರು. ನೀ ಅಂದಿ, ಫ್ರಾಕಿಗೆ ಮೂರ ಅಳತಿ ಸಾಕಿತ್ತು, ಈಗ ಒಂಬತ್ತು ಬೇಕು, ಮದ್ಲ ಹುಡುಗೀನ ಕರ್ಕೊಂಬಾ, ನಿನಗ ತಲಿ ಐತೇನು ಅಂತ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದ್ದಳು. ಪ್ರಭಾವತಿ ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿದರು. ಬೀರಲಿಂಗ ಹಳೆಯ ವರದಿಯನ್ನು ಚೀಲಕ್ಕೆ ಹಾಕಲು ಹೋದ. ಅವಸರಕ್ಕೆ ಗಟ್ಟಿ ಪ್ಲಾಸ್ಟಿಕ್ಕು ಚೀಲದ ಬಾಯಿಗೆ ಸಿಕ್ಕಿಕೊಂಡಿತು. ಮೇಡಂಗೆ ನಮಸ್ಕಾರ ಹೇಳುವುದನ್ನೂ ಮರೆತು ಹೊರಬಂದ.

ಬಸ್ ಸ್ಟಾಪಿನಲ್ಲಿ ಸೃಷ್ಟಿ ಅವನಿಂದ ಎರಡು ಮಾರು ದೂರ ನಿಂತಳು. ಹೇರ್‌ಬ್ಯಾಂಡ್ ಮತ್ತೆ ಜಾರಿತ್ತು.

"ಬಾ ಇಲ್ಲಿ," ಎಂದು ಅದನ್ನು ಸರಿ ಮಾಡಲು ಬೀರಲಿಂಗ ಕೈ ಚಾಚಿದ.

ಸೃಷ್ಟಿ ತಟ್ಟನೆ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು.

ಅವನು ಕೈಯನ್ನು ಕಿಸೆಯೊಳಗೆ ಹಾಕಿಕೊಂಡ. ಬಸ್ಸು ಬಂದಾಗ, ಅದೇ ಕೈ ಕಿಸೆಯಲ್ಲಿಟ್ಟುಕೊಂಡೇ, ಇನ್ನೊಂದು ಕೈಯಿಂದ ಕಂಬಿ ಹಿಡಿದು ಹತ್ತಿದ.