ಕಣ್ಣೊಳಗಿನ ಕಪ್ಪು

ಪುದೀನ ಮಿಠಾಯಿ ಚೀಪುತ್ತಿದ್ದಾನೆ ಅವಳ ಅಣ್ಣ, ಕಿವಿಯ ಹಿಂದೆಯೇ ಆ ಸದ್ದು, ಮಿಠಾಯಿ ಹಲ್ಲಿಗೆ ತಾಗಿ ಟಕ್ ಅನ್ನುತ್ತದೆ, ಇವಳ ಕುರ್ಚಿಯ ಬೆನ್ನು ಹಿಡಿದು ಬಗ್ಗಿದ್ದಾನೆ, ಕಂಪ್ಯೂಟರ್ ಪರದೆಯ ಫೋಟೋದ ಮೇಲೆ ಅವನ ಬೆರಳು, ಇಲ್ಲಿ ನೋಡಮ್ಮ, ಕಣ್ಣಲ್ಲಿ ಏನೋ ಕಪ್ಪಗೆ ಕಸ ಇದ್ದ ಹಾಗಿದೆ, ತೆಗೆದುಬಿಡು ಅದನ್ನ — ಬೆರಳು ತೆಗಿ ಮೊದಲು, ಜಿಡ್ಡು ಕೈ, ಅಚ್ಚು ಬಿದ್ದದ್ದು ಅವಳ ಕೆನ್ನೆಯ ಮೇಲೆಯೇ — ಹೂಂ, ಎಂದಳು ಇವಳು. ಏಳನೇ ತರಗತಿಗೆ ಶಾಲೆ ಬಿಟ್ಟು ಈ ಸ್ಟುಡಿಯೋದ ಕಸ ಗುಡಿಸಲು ಸೇರಿದಾಗಿನಿಂದ ಬಾಯಿಗೆ ಬರುವ ಮಾತು ಅದೊಂದೇ, ಯಜಮಾನರಿಗೆ ಹೂಂ, ಗಿರಾಕಿಗೆ ಹೂಂ, ಮೊಡವೆ ತೆಗಿ ಹೂಂ, ಮುಖ ಬೆಳ್ಳಗೆ ಮಾಡು ಹೂಂ. ಕಸವಂತೆ. ಸತ್ತ ತಂಗಿಯ ಕಣ್ಣಲ್ಲಿ ಕಸ ಹುಡುಕುತ್ತಾನೆ, ಬದುಕಿದ್ದಾಗ ಅವಳ ಮನೆಯ ಮೆಟ್ಟಿಲು ತುಳಿಯದವನು ಈಗ ಅವಳು ಬಣ್ಣದಲ್ಲಿ ಬರೆದ ಮುಖಗಳನ್ನೆಲ್ಲ ಗೋಡೆಗೆ ನೇತುಹಾಕಿ ಪ್ರದರ್ಶನ ಮಾಡುತ್ತಾನಂತೆ, ಬಾಗಿಲಲ್ಲಿ ನಿಲ್ಲಿಸಲು ಅವಳ ಫೋಟೋ ಬೇಕಂತೆ, ಮುಖ ಒಂದೇ ಬಾಗಿಲಷ್ಟು ದೊಡ್ಡದಾಗಿ, ಇದೊಂದೇ ಚೆನ್ನಾಗಿರೋದು, ಹಿಂದೆ ನಿಮ್ಮ ಸ್ಟುಡಿಯೋದ ಮೊಹರಿದೆ, ಇಲ್ಲೇ ತೆಗೆದದ್ದು ತಾನೆ. ಇಲ್ಲಲ್ಲ, ಇಲ್ಲಿ ಅಚ್ಚು ಹಾಕಿದ್ದಷ್ಟೇ. ಅವಳ ಮಹಡಿಯ ಕೋಣೆಯಲ್ಲಿ, ಬೆಳಗಿನ ಬಿಸಿಲಲ್ಲಿ, ಯಜಮಾನರ ಕ್ಯಾಮೆರಾ ಕೇಳದೆ ಎತ್ತಿಕೊಂಡು ಹೋಗಿದ್ದಳು ಇವಳು, ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ, ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡು, ಮೊಣಕೈ ಎರಡೂ ರೆಕ್ಕೆಯ ಹಾಗೆ ಅಗಲಿಸಿ, ಎದುರಿಗೆ ಕೂತವಳ ಉಗುರಲ್ಲಿ ಇನ್ನೂ ನೀಲಿ ಬಣ್ಣ, ನಗು ತಡೆಯಲಾಗುತ್ತಿಲ್ಲ, ಮೊಣಕೈ ಒಳಗೆ ತಗೊಳ್ಳೇ ಗೂಬೆ, ಹಾರಿಹೋಗ್ತೀಯ. ಗೂಬೆ ಎಂದೇ ಕರೆಯುತ್ತಿದ್ದದ್ದು, ಬಾಯಿ ಬಿಡಲ್ಲ, ಕಣ್ಣು ಮುಚ್ಚಲ್ಲ, ನಿನ್ನನ್ನ ಬರೆಯೋಕೆ ಕೂತರೆ ನೀನೇ ನನ್ನನ್ನ ಬರೀತಿರ್ತೀಯಲ್ಲೇ. ಟಕ್. ಆ ಹಸಿರು ಸ್ವೆಟರಿನ ಹುಡುಗಿ ಚಿತ್ರಗಳೇ ಒಂದು ತಲೆನೋವು ಕಣಮ್ಮ, ಎನ್ನುತ್ತಿದ್ದಾನೆ ಅಣ್ಣ, ಒಂದೇ ಮುಖ ಏಳೆಂಟು ಸಲ ಬರೆದಿದ್ದಾಳೆ, ಯಾರೋ ಏನೋ, ಅಪರಿಚಿತೆ ಅಂತ ಚೀಟಿ ಅಂಟಿಸ್ತಿದ್ದೀವಿ. ಹೇಳುತ್ತಿರುವುದು ಆ ಮುಖಕ್ಕೇ, ಒಂದು ಗೇಣು ದೂರದಿಂದ. ಆ ಸ್ವೆಟರು ಕೋಣೆಯ ಬಾಗಿಲ ಹಿಂದೆ ನೇತಾಡುತ್ತಿತ್ತು, ಕೋಣೆ ಖಾಲಿ ಮಾಡಿಸುವಾಗ ಯಾವ ಗಂಟಿಗೆ ತುರುಕಿದನೋ, ಎರಡು ದಿಂಬು, ಎರಡು ಹಲ್ಲುಜ್ಜುವ ಬ್ರಷ್ಷು, ಒಂದು ಹಲ್ಲಿಗೆ ಇನ್ನೊಂದು ಬಣ್ಣಕ್ಕೆ ಅಂದುಕೊಂಡನೇನೋ. ಆಸ್ಪತ್ರೆಯ ಬಾಗಿಲಿಗೆ ಅಡ್ಡ ನಿಂತವನೂ ಇವನೇ, ಮನೆಯವರು ಮಾತ್ರ, ನೀನ್ಯಾರಮ್ಮ, ಆಗ ಈ ಹಾಳು ಬಾಯಿಂದ ಹೊರಟದ್ದೇನು, ಸ್ಟುಡಿಯೋದವಳು, ಅಷ್ಟೇ, ಫೋಟೋದ ಬಾಕಿ ಕೇಳಲು ಬಂದಿದ್ದಾಳೆ ಅಂದುಕೊಂಡ, ಆಮೇಲೆ ಬಾ ಎಂದ, ಒಳಗೆ ಅವಳು, ಹೊರಗಿನ ಬೆಂಚಿನಲ್ಲಿ ಇವಳು, ಮರುದಿನ ಅವಳ ಹಾಸಿಗೆಯಲ್ಲಿ ಬೇರೆ ಯಾರೋ. ಕರೆಯೋಲೆಯಲ್ಲಿ ಏನಂತ ಹಾಕಿಸಿದ್ದೀನಿ ಗೊತ್ತಾ, ಓದುತ್ತಾನೆ, ಗಂಟಲು ಬೇರೆ ಸರಿ ಮಾಡಿಕೊಳ್ಳುತ್ತಾನೆ, ಕಲೆಯನ್ನೇ ಮದುವೆಯಾದ ಒಂಟಿ ಜೀವ. ಒಂಟಿಯಂತೆ. ಚಳಿಯಲ್ಲಿ ಚಾದರ ಎಳೆದಾಡಿ ಜಗಳ ಕಾಯುತ್ತಿದ್ದದ್ದು ಕಲೆಯ ಜೊತೆಗೇನು, ತನ್ನ ಪಾದಕ್ಕೆ ತಣ್ಣನೆ ಪಾದ ಒತ್ತುತ್ತಿದ್ದದ್ದು ಕಲೆಯೇನು — ಬಾಯಲ್ಲಿ ಮಾತ್ರ ಹೂಂ. ಅವನ ಫೋನು ಬಡಿದುಕೊಂಡಿತು, ಬಾಗಿಲಿನತ್ತ ನಡೆದ, ಹೂವಿನ ಅಲಂಕಾರ ಯಾರದು ಎಂದು ಯಾರನ್ನೋ ಗದರುತ್ತಿದ್ದಾನೆ. ಇವಳು ಚಿತ್ರವನ್ನು ಹಿಗ್ಗಿಸುತ್ತಾಳೆ, ಇನ್ನೂ ಹಿಗ್ಗಿಸುತ್ತಾಳೆ, ಕಣ್ಣು, ಕಣ್ಣಿನ ಪಾಪೆ, ಅದರೊಳಗೆ ಚೌಕದ ಬೆಳಕು, ಕಿಟಕಿ ಅದು, ಕಿಟಕಿಯ ಮುಂದೆ ಅವನ ಕಸ, ಮೊಣಕೈ ಅಗಲಿಸಿಕೊಂಡು ನಿಂತಿದೆ. ಆ ನಗು ಯಾರನ್ನು ನೋಡಿ ಅಂತ ಒಬ್ಬನಾದರೂ ಕೇಳಿದನೇ, ಮುಖ ತಾನಾಗಿ ಹಾಗೆ ಅರಳುತ್ತದೆಯೇ, ಎದುರಿಗೆ ಯಾರೂ ಇಲ್ಲದೆ. ಮೌಸಿನ ಅಳಿಸುವ ಉಂಗುರ ಆ ಕಪ್ಪಿನ ಮೇಲೆ ಬಂದು ಕೂತಿದೆ, ಸಾವಿರ ಮೊಡವೆ ಅಳಿಸಿದ ಬೆರಳು, ಒಮ್ಮೆ ಒತ್ತಿದರೆ ಮುಗಿಯಿತು, ಅಲ್ಲಾಡಬೇಡ ಕಣೇ ಗೂಬೆ, ಇನ್ನೊಂಚೂರು, ಮುಗೀತು ಮುಗೀತು. ಒತ್ತಲಿಲ್ಲ. ಕಿಟಕಿಯನ್ನು ಇನ್ನಷ್ಟು ಬೆಳ್ಳಗೆ ಮಾಡಿದಳು, ಕಪ್ಪನ್ನು ಇನ್ನಷ್ಟು ಕಪ್ಪು, ಮೊಣಕೈಯ ಅಂಚು ಚೂಪಾಯಿತು, ಕೆದರಿದ ಕೂದಲೂ ಕಾಣುವಷ್ಟು, ಬಲಗಣ್ಣು ಮುಗಿದ ಮೇಲೆ ಎಡಗಣ್ಣು. ಹೋಯ್ತೇನಮ್ಮ ಕಸ, ಬಾಗಿಲಿಂದಲೇ ಕೇಳಿದ. ಹೂಂ. ಅಚ್ಚು ಹಾಕುವ ಯಂತ್ರ ಗುರುಗುಟ್ಟಿ ಕಾಗದ ಎಳೆಯತೊಡಗಿತು, ಅಣ್ಣ ಬಂದು ಅದರ ಮುಂದೆಯೇ ನಿಂತ, ನಿಲ್ಲು, ಅಲ್ಲೇ ನಿಲ್ಲು, ಬೆರಳಷ್ಟು ಬೆರಳಷ್ಟೇ ಹೊರಬರುತ್ತಿದೆ, ಕೂದಲು, ಟಕ್, ಹಣೆ, ಟಕ್, ಅವಳು ಯಾವಾಗಲೂ ಉಜ್ಜಿಕೊಳ್ಳುತ್ತಿದ್ದ ಹುಬ್ಬು, ಹುಬ್ಬಿನ ಕೆಳಗೆ ತಟ್ಟೆಯಷ್ಟಗಲ ಕಣ್ಣು, ಒಂದಲ್ಲ ಎರಡು, ಎರಡರಲ್ಲೂ ಕಿಟಕಿ, ಕಿಟಕಿಯ ಮುಂದೆ ಹೆಬ್ಬೆರಳುದ್ದದ ಹುಡುಗಿ — ಮಿಠಾಯಿಯ ಸದ್ದು ನಿಂತಿದೆ — ಅವನು ಕಾಗದ ನೋಡುತ್ತಾನೆ, ತಿರುಗಿ ಇವಳನ್ನು ನೋಡುತ್ತಾನೆ, ಮತ್ತೆ ಕಾಗದ, ಎರಡು ಕಣ್ಣಲ್ಲೂ ಮೊಣಕೈ ಅಗಲಿಸಿ ನಿಂತಿದ್ದಾಳೆ, ನಿಂತೇ ಇದ್ದಾಳೆ, ಮೊಣಕೈ ಅಗಲಿಸಿ